ಮಣೆಯಿಂದ ಇಳಿಯಲೊಲ್ಲದ ರಾಣಿ

ನಾನು ಚದುರಂಗದ ರಾಣಿ, ಕೆಂಪು ಪಾಳಯದವಳು. ಮಣೆಯ ಮೇಲೆ ನನ್ನಷ್ಟು ದಿಕ್ಕಿಗೆ ದೂರ ಹೋಗಬಲ್ಲವರು ಯಾರೂ ಇಲ್ಲ. ನೆಟ್ಟಗೆ ಹೋಗುತ್ತೇನೆ, ಅಡ್ಡ ಹೋಗುತ್ತೇನೆ, ಓರೆಯಾಗಿಯೂ ಹೋಗುತ್ತೇನೆ. ದಾರಿ ತೆರವಿದ್ದರೆ ಸಾಕು. ಇಷ್ಟೆಲ್ಲ ಇದ್ದೂ ನನ್ನ ಆಯುಷ್ಯದ ಹೆಚ್ಚಿನ ಪಾಲು ಕಳೆದದ್ದು ಮಣೆಯ ಹೊರಗೆ, ಚಹಾ ಬಸಿಯ ಪಕ್ಕ ಮಗ್ಗುಲಾಗಿ ಬಿದ್ದುಕೊಂಡು. ಆ ಸಿಟ್ಟು ನನಗೆ ಇನ್ನೂ ಇದೆ. ಅದನ್ನು ಮುಚ್ಚಿಟ್ಟುಕೊಂಡು ಕಥೆ ಹೇಳುವುದು ನನ್ನಿಂದಾಗದು.

ನಾನು ಹುಟ್ಟಿದ್ದು ಚನ್ನಪಟ್ಟಣದಲ್ಲಿ. ಅಮೀನಾಬಿ ಎಂಬಾಕೆ ಹಾಲೆ ಮರದ ತುಂಡೊಂದನ್ನು ಯಂತ್ರಕ್ಕೆ ಸಿಕ್ಕಿಸಿ, ಗರಗರ ತಿರುಗಿಸುತ್ತ ಉಳಿ ಹಿಡಿದಳು. ನನಗೆ ಸೊಂಟ ಬಂತು, ಕತ್ತು ಬಂತು, ತಲೆಯ ಮೇಲೆ ಪುಟ್ಟ ಕಿರೀಟ ಬಂತು. ಬಿಸಿಗೆ ಕರಗಿದ ಕೆಂಪು ಅರಗು ಮೈಗೆಲ್ಲ ಹತ್ತಿತು. ರಾಜನಿಗೆ ಅವಳು ನನಗಿಂತ ಎತ್ತರ ಕೊಟ್ಟಳು, ನಿಜ. ಆದರೆ ನನ್ನ ಪೀಠವನ್ನು ಅಗಲ ಮಾಡಿದಳು. “ಇವಳು ಓಡಾಡೋಳು ಕಣೇ, ಬೀಳಬಾರದು” ಎಂದು ಪಕ್ಕದವಳಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಆ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ.

ನಮ್ಮನ್ನು ಮೊದಲು ಕೊಂಡವನು ಧಾರವಾಡದಲ್ಲಿ ಓದುತ್ತಿದ್ದ ವೀರಭದ್ರ. ಮಹಾ ಅವಸರದ ಆಸಾಮಿ. ಆಟ ಶುರುವಾಗುವುದೇ ತಡ, ನನ್ನನ್ನು ಒಬ್ಬಳನ್ನೇ ಶತ್ರುವಿನ ಬಾಗಿಲಿಗೆ ಅಟ್ಟುತ್ತಿದ್ದ. ನಮ್ಮ ಆನೆ, ಕುದುರೆ, ಒಂಟೆಗಳು ಲಾಯದಲ್ಲಿ ಆಕಳಿಸುತ್ತ ನಿಂತಿರುತ್ತಿದ್ದವು. ಅತ್ತ ಎದುರಾಳಿಯ ಒಬ್ಬೊಬ್ಬನೂ ನನ್ನನ್ನು ಓಡಿಸುವ ನೆಪದಲ್ಲಿ ಆರಾಮಾಗಿ ಹೊರಗೆ ಬಂದು ಒಳ್ಳೊಳ್ಳೆಯ ಮನೆ ಹಿಡಿಯುತ್ತಿದ್ದ. ಕಡೆಗೆ ಯಾವನೋ ಒಬ್ಬ ಕಾಲಾಳಿನ ಕೈಗೆ ನಾನು ಸಿಗುತ್ತಿದ್ದೆ. ವೀರಭದ್ರ ಕಾಯಿಗಳನ್ನೆಲ್ಲ ಚೆಲ್ಲಿ ಎದ್ದು ಹೋಗುತ್ತಿದ್ದ. ಓದು ಮುಗಿದಾಗ ನಮ್ಮನ್ನು ಪೆಟ್ಟಿಗೆಗೆ ತುಂಬಿ ಗದಗಿನಲ್ಲಿದ್ದ ಅಣ್ಣ ಅಂದಾನಪ್ಪನವರಿಗೆ ಒಪ್ಪಿಸಿಬಿಟ್ಟ.

ಅಂದಾನಪ್ಪನವರದು ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ ಪ್ರಿಂಟಿಂಗ್ ಪ್ರೆಸ್ಸು. ಸಂಜೆ ಯಂತ್ರ ನಿಂತ ಮೇಲೆ ಪ್ರೆಸ್ಸಿನ ಮುಂದಿನ ಕಟ್ಟೆಯ ಮೇಲೆ ನಾಲ್ಕಾರು ಜನ ಸೇರುತ್ತಿದ್ದರು. ಗಿರ್ಮಿಟ್ಟು, ಮಿರ್ಚಿ, ಚಹಾ, ಚದುರಂಗ. ಅವರ ಬಾಯಲ್ಲಿ ನಾನು ರಾಣಿಯಲ್ಲ, ಮಂತ್ರಿ. ಹೆಸರಿಗಾಗಿ ನಾನು ತಕರಾರು ಮಾಡಲಿಲ್ಲ. ತಮ್ಮನ ಸೋಲುಗಳನ್ನು ಕಂಡಿದ್ದ ಅಂದಾನಪ್ಪನವರು ಒಂದು ತೀರ್ಮಾನಕ್ಕೆ ಬಂದಿದ್ದರು: ಈ ಮಂತ್ರಿ ಅನ್ನುವುದು ತಲೆನೋವು, ಎರಡೂ ಕಡೆಯದನ್ನು ಬೇಗ ಕಳೆದುಬಿಡಬೇಕು. ಅದಕ್ಕಾಗಿ ಕಟ್ಟೆಯ ಮೇಲೆ ಒಂದು ರೂಢಿಯನ್ನೇ ಬೆಳೆಸಿದ್ದರು. ಹಿರಿಯರು ತಮ್ಮ ಮಂತ್ರಿಯನ್ನು ನಿಮ್ಮ ಮಂತ್ರಿಯ ಎದುರು ತಂದು ನಿಲ್ಲಿಸಿದರೆ ನೀವು ಹೊಡೆಯಬೇಕು, ಅವರು ತಿರುಗಿ ಹೊಡೆಯುತ್ತಾರೆ. ತಪ್ಪಿಸಿಕೊಂಡರೆ ಹಿರಿಯರಿಗೆ ಅಗೌರವ ತೋರಿಸಿದಂತೆ. ಗೌರವವಂತೆ! ಅವರ ಗೌರವಕ್ಕೆ ದಿನಾ ಬಲಿಯಾಗುತ್ತಿದ್ದವಳು ನಾನು.

ನಾವಿಬ್ಬರು ರಾಣಿಯರು ಹೊರಬಿದ್ದ ಮೇಲೆ ಅಂದಾನಪ್ಪನವರನ್ನು ಹಿಡಿಯುವವರಿರಲಿಲ್ಲ. ಅಕ್ಷರದ ಮೊಳೆ ಜೋಡಿಸಿದ ಹಾಗೆ ಒಂದೊಂದೇ ಕಾಲಾಳನ್ನು ಮುಂದಿಟ್ಟು ಗೆಲ್ಲುತ್ತಿದ್ದರು. ನಾನು ಬಸಿಯ ಪಕ್ಕ, ಮಿರ್ಚಿ ಎಣ್ಣೆ ಮೆತ್ತಿಕೊಂಡು, ಆಟವನ್ನು ಕೆಳಗಿನಿಂದ ನೋಡುತ್ತಿದ್ದೆ.

ಅವರ ಮಗಳು ನೀಲಾಂಬಿಕೆ ಆ ಕಟ್ಟೆಯ ಮೇಲೇ ಆಡುವುದನ್ನು ಕಲಿತಳು. ಕೆಂಪು ಕಾಯಿ ಯಾವಾಗಲೂ ಅವಳವು. ಅಪ್ಪ ಮಂತ್ರಿಯನ್ನು ಮುಂದಿಟ್ಟಾಗ ಅವಳೂ ಹೊಡೆಯುತ್ತಿದ್ದಳು, ಅವಳೂ ಸೋಲುತ್ತಿದ್ದಳು. ಆದರೆ ನನ್ನನ್ನು ಕೆಳಗಿಡುವಾಗ ಎಲ್ಲರ ಹಾಗೆ ಮಗ್ಗುಲಾಗಿ ಬಿಸಾಕುತ್ತಿರಲಿಲ್ಲ. ನಿಲ್ಲಿಸಿ ಇಡುತ್ತಿದ್ದಳು. ಆಗಲೇ ನನಗೆ ಅವಳ ಮೇಲೆ ಪ್ರೀತಿ ಹುಟ್ಟಿತು.

ಅವಳ ಡಿಗ್ರಿ ಮುಗಿಯಿತು. ಹುಬ್ಬಳ್ಳಿಯ ಪಂದ್ಯಾವಳಿಗೆ ಹೋಗುತ್ತೇನೆಂದು ಒಂದು ಸಂಜೆ ಕಟ್ಟೆಯ ಮೇಲೇ ಹೇಳಿದಳು. ಅಂದಾನಪ್ಪನವರು ಚಹಾ ಕೆಳಗಿಟ್ಟರು.

“ಸಾಕವಾ ಇನ್ನ. ದೊಡ್ಡಾಕಿ ಆದಿ. ಗಂಡಸರ ನಡುವ ಕುಂತು ಎಷ್ಟ ದಿವಸ ಆಡ್ತಿ?”

“ಆಡಾಕ ಬರ್ತೈತಿ, ಅದಕ್ಕ ಆಡ್ತೀನಪ್ಪಾ.”

“ಬರ್ತೈತೇನು? ಹಂಗಾರ ನನ್ನ ಒಂದ ಸಲ ಸೋಲ್ಸು, ಹುಬ್ಬಳ್ಳಿಗೆ ಹೋಗು. ಸೋತಿ ಅಂದ್ರ ಈ ಕಟ್ಟಿ ಹತ್ತಬ್ಯಾಡ.”

ಅವಳು ಅಪ್ಪನನ್ನು ಒಮ್ಮೆಯೂ ಸೋಲಿಸಿದವಳಲ್ಲ. ಪಕ್ಕದ ಬಟ್ಟೆ ಅಂಗಡಿಯ ತುಳಜಾಸಾ, ಅಂದಾನಪ್ಪನವರ ಹಳೇ ಗೆಳೆಯ, “ಹುಡುಗಿಗೆ ಹಿಂಗ್ಯಾಕಂತೀರಿ” ಎಂದು ಗೊಣಗಿದರು. ನೀಲಾ ಕಾಯಿ ಜೋಡಿಸಿದಳು.

ಅವಳು ನನ್ನನ್ನು ಅವಸರದಿಂದ ಹೊರಗೆ ಕಳಿಸಲಿಲ್ಲ. ಮೊದಲು ಕುದುರೆ, ಒಂಟೆಗಳನ್ನು ತಂದಳು, ರಾಜನನ್ನು ಭದ್ರ ಮಾಡಿದಳು, ಆಮೇಲೆ ನನ್ನನ್ನು ನಡುವಿಗೆ ಕರೆತಂದಳು. ಕೂಡಲೇ ಅಂದಾನಪ್ಪನವರ ಕಪ್ಪು ರಾಣಿ ಬಂದು ನನ್ನೆದುರು ನಿಂತಳು, ಬೆನ್ನ ಹಿಂದೆ ಆನೆಯ ಕಾವಲು ಇಟ್ಟುಕೊಂಡು.

“ಹೊಡಿ” ಎಂದರು ಅಂದಾನಪ್ಪನವರು, ಆಗಲೇ ಒಂದು ಕೈಯಲ್ಲಿ ನನಗಾಗಿ ಬಸಿಯ ಪಕ್ಕ ಜಾಗ ಮಾಡುತ್ತ.

ನೀಲಾ ನನ್ನ ತಲೆಯ ಮೇಲೆ ಬೆರಳಿಟ್ಟಳು. ಬೇಡ, ಬೇಡ ಎಂದು ನಾನು ಒಳಗೇ ಕೂಗಿಕೊಂಡೆ. ಅವಳು ನನ್ನನ್ನು ಓರೆಯಾಗಿ ಒಂದು ಮನೆ ಹಿಂದಕ್ಕೆ ಸರಿಸಿದಳು.

“ಯಾಕವಾ? ದೊಡ್ಡಾವ್ರು ಮುಂದಿಟ್ಟಾಗ ಹೊಡೀಬೇಕು.”

“ನಾ ಹೊಡ್ಯಾಂಗಿಲ್ಲಪ್ಪಾ. ನನಗ ನನ್ನ ಮಂತ್ರಿ ಬೇಕು.”

ಅಂದಾನಪ್ಪನವರ ಮುಖ ಕೆಂಪಗಾಯಿತು. ಅಂಜಿ ಹಿಂದೆ ಸರಿದಳೆಂದು ಅವರು ತಿಳಿದರು. ನಾನು ಅಂಜಿರಲಿಲ್ಲ. ಹಿಂದಿನ ಆ ಮನೆಯಿಂದ ಅವರ ರಾಜನ ಪಕ್ಕದ ಕಾಲಾಳಿನವರೆಗೆ ಓರೆ ದಾರಿ ನನಗೆ ನಿಚ್ಚಳವಾಗಿ ಕಾಣುತ್ತಿತ್ತು. ಸಿಟ್ಟಿನ ಭರದಲ್ಲಿ ಅವರು ತಮ್ಮ ರಾಣಿಯನ್ನು ದೂರದ ಮೂಲೆಗೆ ಕಳಿಸಿ ನಮ್ಮ ಕಾಲಾಳೊಬ್ಬನನ್ನು ಹೊಡೆಸಿದರು. ನೀಲಾ ಕುದುರೆಯನ್ನು ಮುಂದೆ ಜಿಗಿಸಿ, ಅದೇ ಕಾಲಾಳಿನ ಮೇಲೆ ಅದರ ಕಣ್ಣೂ ಬೀಳುವಂತೆ ನಿಲ್ಲಿಸಿದಳು.

ತುಳಜಾಸಾ ಕೆಮ್ಮಿದರು. ಅಂದಾನಪ್ಪನವರು ಕುದುರೆಯನ್ನು ನೋಡಿದರು. “ಇದೊಂದ ಏನ್ ಮಾಡ್ತೈತಿ” ಎಂದು ಮೂಲೆಯಲ್ಲಿ ಇನ್ನೊಬ್ಬ ಕಾಲಾಳನ್ನು ಹೊಡೆದರು. ಅವರು ನನ್ನನ್ನು ಮರೆತಿದ್ದರು! ಅಷ್ಟು ಹೊತ್ತಿಗೆ ನಾನು ದಿನವೂ ಬಸಿಯ ಪಕ್ಕ ಬಿದ್ದಿರುತ್ತಿದ್ದೆ. ಮಂತ್ರಿ ಇರುವ ಆಟವೇ ಆ ಮನುಷ್ಯನಿಗೆ ಗೊತ್ತಿರಲಿಲ್ಲ.

ನಾನು ಹೊರಟೆ. ಓರೆ ದಾರಿಯಲ್ಲಿ ಉದ್ದಕ್ಕೆ ಸಾಗಿ, ಆ ಕಾಲಾಳನ್ನು ಕೆಡವಿ, ರಾಜನ ಮಗ್ಗುಲಲ್ಲಿ ಕುಳಿತೆ. ರಾಜ ನನ್ನನ್ನು ಮುಟ್ಟುವಂತಿರಲಿಲ್ಲ, ಹಿಂದೆ ಕುದುರೆಯ ಕಾವಲು. ಓಡುವಂತಿರಲಿಲ್ಲ, ಆಚೆ ಅವನದೇ ಆನೆ ಅಡ್ಡ. ಒಬ್ಬಳೇ ಹೋಗಿದ್ದರೆ ವೀರಭದ್ರನ ಕಾಲದ ಹಾಗೆ ಸತ್ತಿರುತ್ತಿದ್ದೆ. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ.

ಅಂದಾನಪ್ಪನವರು ಸೋಲೊಪ್ಪಿ ತಮ್ಮ ರಾಜನನ್ನು ಮೆಲ್ಲಗೆ ಮಲಗಿಸಿ, “ಹುಬ್ಬಳ್ಳಿ ಬಸ್ಸಿಗೆ ನಾನ ಹತ್ತಸ್ತೀನಿ” ಎಂದು ಒಳಗೆ ಹೋದರು.

ಈಗ ನನಗೆ ವಯಸ್ಸಾಗಿದೆ. ಅರಗು ಅಲ್ಲಲ್ಲಿ ಎದ್ದಿದೆ, ಕಿರೀಟದ ತುದಿ ಮುರಿದಿದೆ. ಹುಬ್ಬಳ್ಳಿಯಲ್ಲಿ ನೀಲಾ ಗೆದ್ದದ್ದೂ ಉಂಟು, ಸೋತದ್ದೂ ಉಂಟು. ಪ್ರತಿ ವರ್ಷ ಹೋಗುತ್ತಾಳೆ. ಪ್ರೆಸ್ಸಿನ ಕಿಟಕಿಯ ಮೂಲೆ ನಮ್ಮ ಜಾಗ. ಮೂಲೆ ಸೇರಿದಳು ಪಾಪ ಎಂದು ಯಾರೂ ಮರುಗಬೇಕಿಲ್ಲ. ಮೂಲೆಯಲ್ಲಿ ಕುಳಿತರೂ ಮೂರು ದಿಕ್ಕಿಗೆ ನನ್ನ ದಾರಿ ತೆರೆದಿರುತ್ತದೆ.

ಮೊನ್ನೆ ಸಂಜೆ ನೀಲಾ ಬಂದಿದ್ದಳು. ತಲೆಯೆಲ್ಲ ಬೆಳ್ಳಗಾದ ಅಂದಾನಪ್ಪನವರು ಮಣೆ ಹಾಸಿ, ಅವಳು ಕೂರುವ ಮೊದಲೇ ಕೆಂಪು ಕಾಯಿಗಳನ್ನು ತಮ್ಮ ಕಡೆ ಎಳೆದುಕೊಂಡರು. ಆಟ ಒಂದಿಷ್ಟು ಸಾಗಿತು. ನೀಲಾ ತುಂಟ ನಗೆ ನಕ್ಕು ತನ್ನ ಕಪ್ಪು ರಾಣಿಯನ್ನು ತಂದು ನನ್ನೆದುರು ನಿಲ್ಲಿಸಿದಳು.

“ಹೊಡೀರಿ ಅಪ್ಪಾ.”

ಮುದುಕರ ಬೆರಳು ನನ್ನ ಮುರಿದ ಕಿರೀಟದ ಮೇಲೆ ಬಂದು ನಿಂತಿತು. ಚಹಾ ಆರಿತು. ಆಮೇಲೆ ಅವರು ನನ್ನನ್ನು ಗಟ್ಟಿಯಾಗಿ ಹಿಡಿದು ಒಂದು ಮನೆ ಹಿಂದಕ್ಕೆ ಸರಿಸಿದರು.

“ಹೊಡ್ಯಾಂಗಿಲ್ಲ ಹೋಗವಾ” ಎಂದರು.