ನಡುಗದ ಚುಕ್ಕಾಣಿ

ಓರಿನ್ ಕಲಾಂಡರ್ ಅಲಾಸ್ಕಾದ ಒಳನಾಡಿಗೆ ಟಪಾಲು ವಿಮಾನ ಹಾರಿಸಿಯೇ ಮುದುಕನಾದವನು. ರಸ್ತೆಯಿಲ್ಲದ ಊರುಗಳಲ್ಲಿ ಅವನ ಇಂಜಿನ್ನಿನ ಸದ್ದು ಕೇಳಿದೊಡನೆ ಕಾಫಿಗೆ ನೀರಿಡುತ್ತಿದ್ದರು. ಬಲಗೈಗೆ ನಡುಕ ಹತ್ತಿಕೊಂಡ ಮೇಲೆ ವೈದ್ಯರು ಒಪ್ಪಿಗೆ ಕೊಡಲಿಲ್ಲ, ಹಾರಾಟ ನಿಂತಿತು. ಹೆಂಡತಿ ತೀರಿಕೊಂಡಿದ್ದಳು. ಮನೆಯಲ್ಲಿ ಮಗಳು ಮಾರ್ಲಿಸ್ ಒಬ್ಬಳೇ.

ಅಪ್ಪ ಮಂಕಾಗುತ್ತಿರುವುದನ್ನು ಅವಳಿಗೆ ನೋಡಲಾಗಲಿಲ್ಲ. ಗ್ಯಾರೇಜಿನಲ್ಲಿ ಮೂರು ಪರದೆ ನಿಲ್ಲಿಸಿದಳು. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟ ಹಾಕಿ, ಅದಕ್ಕೆ ಚುಕ್ಕಾಣಿ, ಪೆಡಲು, ನಾಬುಗಳ ಪೆಟ್ಟಿಗೆ ತರಿಸಿದಳು. ಯಾವ ನಾಬು ಯಾವ ಕೆಲಸ ಮಾಡಬೇಕೆಂದು ಕಂಪ್ಯೂಟರಿಗೆ ಒಂದೊಂದಾಗಿ ಕಲಿಸಬೇಕಿತ್ತು. ಮೊದಲ ದಿನ ಎಲ್ಲವೂ ಅದಲುಬದಲು.

"ಏ ಮಾರ್ಲಿಸ್, ಕೆಂಪು ನಾಬು ಎಳೆದ್ರೆ ಇಂಜಿನ್ ಆಫ್ ಆಗ್ಬೇಕು ಕಣೇ. ಇದು ನೋಡಿದ್ರೆ ದೀಪ ಹಚ್ತಾ ಇದೆ!"

"ಸ್ವಲ್ಪ ತಡಿಯಪ್ಪ. ಹಿಮಗಾಳಿ ನಿಲ್ಲೋಕೆ ವಾರಗಟ್ಲೆ ಕಾದೋನು ನೀನು, ನಂಗೊಂದು ಗಳಿಗೆ ಕಾಯೋಕಾಗಲ್ವಾ?"

"ಥೇಟ್ ನಿಮ್ಮಮ್ಮನ ಬಾಯಿ."

ನಾಬುಗಳೆಲ್ಲ ದಾರಿಗೆ ಬಂದವು, ಕೈ ಬರಲಿಲ್ಲ. ಅವನ ನಡುಕವೆಲ್ಲ ಚುಕ್ಕಾಣಿಗಿಳಿದು, ಪರದೆಯ ಮೇಲಿನ ವಿಮಾನ ಕುಡಿದವನಂತೆ ತೂರಾಡಿತು. ಓರಿನ್ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ. "ನಾಳೆ ನೋಡೋಣ" ಎಂದು ಎದ್ದುಹೋದ.

ಅಂದು ಮಾರ್ಲಿಸ್ ಹುಡುಕಾಡಿ ಒಂದು ಸೆಟ್ಟಿಂಗ್ ಕಂಡುಕೊಂಡಳು. ಚುಕ್ಕಾಣಿಯ ಸಣ್ಣಪುಟ್ಟ ಅಲುಗಾಟವನ್ನು ವಿಮಾನ ಲೆಕ್ಕಕ್ಕೇ ತೆಗೆದುಕೊಳ್ಳದಂತೆ ಮಾಡುವ ಸೆಟ್ಟಿಂಗ್ ಅದು. ಅದನ್ನು ಏರಿಸಿಟ್ಟಳು. ಮರುದಿನ ಅಪ್ಪ ಕೂತಾಗ ವಿಮಾನ ಗೆರೆ ಎಳೆದಂತೆ ಹಾರಿತು. ನದಿಯ ಮರಳದಿಬ್ಬದ ಮೇಲೆ ಅದನ್ನು ಹಗುರವಾಗಿ ಇಳಿಸಿ ಓರಿನ್ ತಿರುಗಿ ನೋಡಿದ.

"ನೋಡಿದ್ಯಾ? ಕೆಲಸ ಇಲ್ದೆ ಸೊಕ್ಕಿತ್ತು ಈ ಕೈ. ಕೆಲಸ ಕೊಟ್ಟೆ ನೋಡು, ನೆಟ್ಟಗಾಯ್ತು!"

ಹೇಳಬೇಕೆಂದು ಅವಳು ಬಾಯಿ ತೆರೆದಳು. ಆ ಮುಖದಲ್ಲಿದ್ದ ಬೆಳಕು ಕಂಡು, "ಹೂಂ ಕಣಪ್ಪ" ಎಂದುಬಿಟ್ಟಳು.

ಚಳಿಗಾಲವಿಡೀ ಅವನು ಹಾರಿದ. ಊಟ ಸೇರತೊಡಗಿತು, ಹಳೆಯ ಜೋಕುಗಳು ಮರಳಿದವು. ಕೆರೆಯ ಮಂಜುಗಡ್ಡೆ ಕರಗಿದ ವಾರ, ಮಗಳಿಗೂ ತಿಳಿಸದೆ ಹಳೆಯ ಜೊತೆಗಾರ ವರ್ಜಿಲ್‌ಗೆ ಫೋನ್ ಮಾಡಿದ. ವರ್ಜಿಲ್ ಬಳಿ ಇನ್ನೂ ನೀರಿನ ಮೇಲಿಳಿಯುವ ವಿಮಾನವಿತ್ತು.

ಮಾರ್ಲಿಸ್ ಕೆಲಸ ಮುಗಿಸಿ ಬಂದಾಗ ವರ್ಜಿಲ್ ಮೆಟ್ಟಿಲ ಮೇಲೆ ಕೂತಿದ್ದ.

"ಕೈ ವಾಸಿಯಾಗಿದೆ, ಒಂದ್ಸಲ ಚುಕ್ಕಾಣಿ ಕೊಡೋ ಅಂದ ನಿಮ್ಮಪ್ಪ. ಮೇಲೆ ಹೋದ್ಮೇಲೆ ಕೊಟ್ಟೆ ಕಣಮ್ಮಾ. ರೆಕ್ಕೆ ಒದ್ದಾಡ್ತು. ಗಾಳಿ ಇರ್ಬೇಕು ಅಂದ. ಗಾಳಿ ಎಲ್ಲಿತ್ತು? ಆಮೇಲೆ ತನ್ನ ಕೈ ನೋಡ್ಕೊಂಡ. ನೀನೇ ತಗೋ ಅಂದ. ಕೆಳಗಿಳಿಸಿ ಮನೆಗೆ ಕರ್ಕೊಂಡ್ ಬಂದೆ."

ಅಪ್ಪ ಕೋಟು ಕೂಡ ಬಿಚ್ಚದೆ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ. ಅವಳು ನಿಂತೇ ಹೇಳಿದಳು.

"ಅಪ್ಪ, ಗ್ಯಾರೇಜಲ್ಲಿ ನೆಟ್ಟಗೆ ಹಾರಿಸಿದ್ದು ನಿನ್ನ ಕೈ ಅಲ್ಲ. ನಡುಕ ಗೊತ್ತಾಗ್ದೇ ಇರೋ ಹಾಗೆ ಚುಕ್ಕಾಣೀನ ನಾನೇ ತಿದ್ದಿದ್ದೆ."

ಅವನು ತಲೆಯೆತ್ತಿದ.

"ಅವತ್ತೇ ಹೇಳಿದ್ದಿದ್ರೆ ನಕ್ಕುಬಿಡ್ತಿದ್ದೆ ಕಣೇ. ಆಟ ಅಂದ್ಕೊಂಡೇ ಖುಷಿಯಾಗಿ ಆಡ್ತಿದ್ದೆ. ವರ್ಜಿಲ್ ಮುಂದೆ ಹೋಗಿ ನಿಲ್ತಿರ್ಲಿಲ್ಲ."

ಮಾರ್ಲಿಸ್ ಅತ್ತಳು, ಕ್ಷಮೆ ಕೇಳಿದಳು. ಅವನು ಅವಳ ಬೆನ್ನು ಸವರಿ, ಸೂಪು ಬಿಸಿಮಾಡು ಎಂದ. ಸಿಟ್ಟು ಮಾಡಲಿಲ್ಲ. ಆದರೆ ಗ್ಯಾರೇಜಿಗೆ ಮತ್ತೆ ಹೋಗಲಿಲ್ಲ. "ಹೇಗೂ ಆಟ ತಾನೇ, ಬಾಪ್ಪ" ಎಂದು ಅವಳು ಬೇಸಿಗೆಯಿಡೀ ಕರೆದಳು. "ಈಗ ಬೇಡ ಮಗಳೇ" ಎನ್ನುತ್ತಿದ್ದ, ಅಷ್ಟೇ ಮೆತ್ತಗೆ. ವಿಮಾನದ ಮಾತನ್ನೇ ಬಿಟ್ಟುಬಿಟ್ಟ. ಸೆಪ್ಟೆಂಬರಿನಲ್ಲಿ ಅವಳು ಪರದೆಗಳನ್ನು ಬಿಚ್ಚಿ, ನಾಬುಗಳ ವೈರುಗಳನ್ನು ಸುತ್ತಿ ಪೆಟ್ಟಿಗೆಗೆ ತುಂಬಿದಳು. ಅಪ್ಪ ಮರಳದಿಬ್ಬದ ಮೇಲೆ ವಿಮಾನ ಇಳಿಸಿದ ದಿನ ನುಂಗಿಕೊಂಡ ಮಾತನ್ನು ಆಗಲೇ ಆಡಿದ್ದರೆ, ಅವನು ಇನ್ನೂ ಇಲ್ಲಿ ಹಾರುತ್ತಿರುತ್ತಿದ್ದ.