ಹೋದ ಡಬ್ಬಿ, ಸಿಗದ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಗಾದೆ ಕಟ್ಟಿದ ಪುಣ್ಯಾತ್ಮ ಸ್ವಂತ ಮನೆಯವನೇ ಇರಬೇಕು. ಹರಿಹರದಲ್ಲಿ ಆಷಾಢ ಮಾಸದಲ್ಲಿ ಬಾಡಿಗೆ ಮನೆ ಹುಡುಕಿದ್ದರೆ ಮದುವೆಯ ಮಾತನ್ನೇ ಎತ್ತುತ್ತಿರಲಿಲ್ಲ.

ಟೈಲರ್ ಮುಮ್ತಾಜ್ ಕೇಳಿದ್ದು ಅರಮನೆಯನ್ನೇನಲ್ಲ. ಎರಡು ಕೋಣೆ, ಒಂದು ಅಡುಗೆಮನೆ, ಹೊಲಿಗೆ ಮೆಷಿನ್ ಇಡಲು ಬೆಳಕು ಬೀಳುವ ಒಂದು ಕಿಟಕಿ. ಈಗಿರುವ ಮನೆಯನ್ನು ಯಜಮಾನ ಮುರುಗೇಶಪ್ಪ ಕೆಡವಿ ಮಳಿಗೆ ಕಟ್ಟಿಸುವವರು. ಮೂರು ತಿಂಗಳ ಮೊದಲೇ ಹೇಳಿದ್ದರು, ಪಾಪ, ಅವರ ತಪ್ಪೇನಿಲ್ಲ. ಗಾದಿ ಹೊಲಿಯುವ ಗಂಡ ಜಾಫರ್ "ನೋಡಾಣ ಬಿಡು" ಎನ್ನುತ್ತಲೇ ಮೂರು ತಿಂಗಳು ಕಳೆದಿದ್ದ. ಉಳಿದಿದ್ದು ಆರು ದಿನ. ಸೋಮವಾರ ಬೆಳಿಗ್ಗೆ ಜೆಸಿಬಿ ಬರುತ್ತದೆ.

ಮನೆ ಸಿಗದಿದ್ದರೆ ದಾವಣಗೆರೆಯಲ್ಲಿ ಮೈದುನ ರಿಯಾಜ್‌ನ ಮನೆಯ ಮಹಡಿ ಕೋಣೆಯೇ ಗತಿ. ಮುಮ್ತಾಜ್ ಬಸ್ಸು ಹತ್ತಿ ಹೋಗಿ ಅದನ್ನೂ ನೋಡಿ ಬಂದಿದ್ದಳು. ಮಂಚ ಹಾಕಿದರೆ ಬಾಗಿಲು ತೆಗೆಯಲು ಜಾಗವಿಲ್ಲ, ಇನ್ನು ಮೆಷಿನ್ ಎಲ್ಲಿ ಇಡುವುದು?

"ಮೆಷಿನ್ ಮಾರಿಬಿಡ್ರಿ ಭಾಭಿ. ಈ ಊರಾಗ ಬೀದಿಗೆ ಮೂರು ಬೊಟೀಕ್ ಅದಾವೆ, ನಿಮ್ಮತ್ರ ಯಾರು ಬರ್ತಾರೆ?" ಎಂದಿದ್ದ ರಿಯಾಜ್. ಒಳ್ಳೆಯ ಮನಸ್ಸಿನಿಂದಲೇ ಅಂದಿದ್ದ. ಆದರೂ ವಾಪಸ್ ಬರುವಾಗ ದಾರಿಯಲ್ಲಿನ ಬಾತಿ ಊರು ದಾಟುವ ತನಕ ಅವಳ ಕಣ್ಣೀರು ನಿಂತಿರಲಿಲ್ಲ. ಇಪ್ಪತ್ತೆರಡು ವರ್ಷ ಕೋಟೆ ಬೀದಿಯ ಹೆಂಗಸರಿಗೆ ರವಿಕೆ ಹೊಲಿದವಳು ಅವಳು. ಯಾರ ತೋಳು ಈ ವರ್ಷ ಎಷ್ಟು ದಪ್ಪವಾಗಿದೆ ಎಂದು ಟೇಪ್ ಹಿಡಿಯದೆ ಹೇಳಬಲ್ಲಳು. ಆ ಮೆಷಿನ್ ಹೋದರೆ ಅವಳದು ಅಂತ ಇನ್ನೇನೂ ಉಳಿಯುವುದಿಲ್ಲ.

ದಲ್ಲಾಳಿ ಕೊಟ್ಟೂರೇಶ್ ಹನ್ನೊಂದು ಮನೆ ತೋರಿಸಿದ. ಒಂದರಲ್ಲಿ "ಮಾಂಸ ಮಾಡ್ತೀರೇನು?" ಎಂದರು. ಇನ್ನೊಂದರಲ್ಲಿ ಮೆಷಿನ್ ಸದ್ದಿಗೆ ಯಜಮಾನರ ಬಿ.ಪಿ. ಏರುತ್ತದಂತೆ. ಮತ್ತೊಂದರಲ್ಲಿ ಎಲ್ಲವೂ ಒಪ್ಪಿಗೆಯಾಗಿ, ಇವಳ ಹೆಸರು ಕೇಳಿದ ಕೂಡಲೇ ಮನೆಯಾಕೆಗೆ ಮಗ ಊರಿಗೆ ಬರುವವನಿದ್ದಾನೆ ಎಂದು ನೆನಪಾಯಿತು. ಉಳಿದವರದೆಲ್ಲ ಒಂದೇ ಮಾತು: ಆಷಾಢ.

"ಆಷಾಢದಾಗ ಹೊಸಬರನ್ನ ಯಾರೂ ಮನಿ ತುಂಬಿಸ್ಕಳಲ್ಲಕ್ಕ," ಎಂದ ಕೊಟ್ಟೂರೇಶ್. "ಆಷಾಢ ಹುಟ್ಟೋ ಅಮಾಸಿಗೆ ಮುಂಚೆ ಹೊಸಾ ಮನ್ಯಾಗ ಒಂದು ಪಾತ್ರೆನಾದ್ರೂ ಒಯ್ದು ಇಟ್ಟು ಬಂದಿದ್ರೆ ನಡೀತಿತ್ತು. ಪಾತ್ರೆ ಹೋದ್ರೆ ಜನ ಹೋದಂಗೆ ಅಂತಾರೆ. ಈಗ ಇನ್ನೊಂದೇ ಮನಿ ಉಳಿದೈತೆ ನೋಡು, ಸರ್ವಮಂಗಳಮ್ಮಾರದು."

"ಆ ಮನಿ ಮಾತ್ರ ಬ್ಯಾಡ," ಎಂದು ಮುಮ್ತಾಜ್ ಮೂಗು ಮುರಿದಳು.

ಅದಕ್ಕೆ ಕಾರಣ ಒಂದು ಡಬ್ಬಿ. ರಂಜಾನ್ ಈದಿನ ದಿನ, ತವರಿನವರು ಮದುವೆಗೆ ಕೊಟ್ಟಿದ್ದ ಸ್ಟೀಲ್ ಡಬ್ಬಿಯಲ್ಲಿ ಅದೇ ಬೀದಿಯ ಸರ್ವಮಂಗಳಮ್ಮನಿಗೆ ಹಾಲಿಗೆ ಶ್ಯಾವಿಗೆ, ಖರ್ಜೂರ ಹಾಕಿ ಕಾಯಿಸಿದ ಶಿರ್‌ಖುರ್ಮಾ ಕಳಿಸಿದ್ದಳು. ಮುಚ್ಚಳದ ಮೇಲೆ ಅವಳ ಹೆಸರಿದ್ದ ಡಬ್ಬಿ ಅದು. ಮೂರು ತಿಂಗಳಾದರೂ ಮರಳಿ ಬರಲಿಲ್ಲ. ಅಷ್ಟೇ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. ದಿನಾ ಕಟ್ಟೆಯ ಮೇಲಿಂದ ಕೂಗಿ ಮಾತಾಡಿಸುತ್ತಿದ್ದ ಆ ಮುದುಕಿ ಇವಳನ್ನು ಕಂಡರೆ ಮುಖ ತಿರುಗಿಸಿ ಒಳಗೆ ಹೋಗತೊಡಗಿದ್ದಳು. ಮುಮ್ತಾಜ್ ಸುಮ್ಮನಿರುವವಳೇ? "ಎಪ್ಪತ್ತು ವರ್ಷದ ಹೆಂಗಸು, ನನ್ನ ಡಬ್ಬಿ ನುಂಗಿ ನೀರು ಕುಡದ್ಲು ನೋಡ್ರಿ!" ಎಂದು ಅಳತೆ ಕೊಡಲು ಬಂದವರಿಗೆಲ್ಲ ಡಂಗುರ ಸಾರಿದ್ದಳು.

ಆದರೆ ಸೊಕ್ಕನ್ನು ಹಾಸಿಕೊಂಡು ಮಲಗಲಾಗುತ್ತದೆಯೇ? ಶನಿವಾರ ಅತ್ತೆ ಅಮೀನಾಬೀಯನ್ನು ಕರೆದುಕೊಂಡು ಸರ್ವಮಂಗಳಮ್ಮನ ಹೊಸ್ತಿಲು ತುಳಿದಳು.

ಹಳೆಯ ಕಾಲದ ಉದ್ದನೆಯ ಮನೆ. ಮುಂದಿನ ಭಾಗ ಬಾಡಿಗೆಗೆ, ಹಿಂದಿನದರಲ್ಲಿ ಸರ್ವಮಂಗಳಮ್ಮ. ಎರಡಕ್ಕೂ ಒಂದೇ ಹೆಬ್ಬಾಗಿಲು. ಮುಂದಿನ ಕೋಣೆಯ ಪೂರ್ವದ ಕಿಟಕಿಯಿಂದ ಬಿಸಿಲು ನೆಲಕ್ಕೆ ಬಿದ್ದಿತ್ತು. ಅದನ್ನು ಕಂಡದ್ದೇ ಮುಮ್ತಾಜಳ ಜೀವ ಅಲ್ಲೇ ಕೂತುಬಿಟ್ಟಿತು. ಮೆಷಿನ್ ಇಲ್ಲಿ, ನೂಲಿನ ಡಬ್ಬ ಅಲ್ಲಿ ಎಂದು ಮನಸ್ಸಿನಲ್ಲೇ ಜೋಡಿಸಿಯೂ ಆಯಿತು.

ಸರ್ವಮಂಗಳಮ್ಮ ನೆಲ ನೋಡಿಕೊಂಡೇ ಮಾತಾಡಿದಳು. "ಕೊಡಾಕೆ ನನಗೇನ್ ಅಡ್ಡಿ ಇಲ್ಲವ್ವ. ಮೆಷಿನ್ ಸದ್ದಿದ್ರೆ ಮನ್ಯಾಗ ಜನ ಅದಾರೆ ಅನಸ್ತತೆ. ಆದ್ರೆ ಶ್ರಾವಣ ಹುಟ್ಲಿ. ಆಷಾಢದಾಗ ಹಾಲು ಉಕ್ಕಿಸಬಾರ್ದು."

"ನಾನೂ ಅದನ್ನೇ ಬಡಕೊಂತಿದ್ದೆ!" ಎಂದಳು ಅಮೀನಾಬೀ. "ನಮಗೂ ಮೊಹರಂ ತಿಂಗಳು ನಡದೈತೆ. ಹೊಸಾ ಮನಿ ಹೊಕ್ಕಬಾರ್ದು."

ಈ ವರ್ಷ ಆಷಾಢವೂ ಮೊಹರಂ ತಿಂಗಳೂ ಒಂದೇ ಬಸ್ಸಿನಿಂದ ಇಳಿದಂತೆ ಜೊತೆಯಾಗಿ ಬಂದಿದ್ದವು. ಇಬ್ಬರು ಮುದುಕಿಯರೂ ಹೌದೌದು ಎಂದು ತಲೆಯಾಡಿಸುತ್ತ ಕೂತರು. ಜನ್ಮಕ್ಕೆ ಒಮ್ಮೆ ಒಮ್ಮತ ಬಂದಿದ್ದು, ಅದೂ ಎಂಥ ಹೊತ್ತಿನಲ್ಲಿ! ಮುಮ್ತಾಜಳ ಸಹನೆ ಹರಿಯಿತು.

"ನಿಮಗೆ ಆಷಾಢ, ಇವರಿಗೆ ಮೊಹರಂ. ಜೆಸಿಬಿಗೆ ಎರಡೂ ಇಲ್ಲಲ್ರಿ! ನಾಡಿದ್ದು ನನ್ನ ಮೆಷಿನ್ ಗುಜರಿಗೆ ಹೋಗ್ತತೆ. ಆತು ಬಿಡ್ರಿ, ಹೊಂಟೆ. ಮನಿ ಅಂತೂ ಕೊಡಲಿಲ್ಲ, ನನ್ನ ಡಬ್ಬಿನಾದ್ರೂ ಕೊಡ್ರಿ ಅಮ್ಮಾರೆ!"

ಸರ್ವಮಂಗಳಮ್ಮನ ಮುಖ ಸಣ್ಣದಾಯಿತು. ಮಂಡಿ ಹಿಡಿದುಕೊಂಡು ಎದ್ದು ಒಳಗೆ ಹೋಗಿ ಡಬ್ಬಿ ತಂದಳು. ಹುಣಸೆಹಣ್ಣು ಹಚ್ಚಿ ತಿಕ್ಕಿದ ಡಬ್ಬಿ ಥಳಥಳ ಹೊಳೆಯುತ್ತಿತ್ತು. ಆದರೆ ಮುಮ್ತಾಜ್ ಕೈಚಾಚಿದರೆ ಆಕೆ ಕೊಡಲೊಲ್ಲಳು, ಎದೆಗೆ ಅವಚಿಕೊಂಡು ನಿಂತಳು.

"ಖಾಲಿ ಡಬ್ಬಿ ಹೆಂಗೆ ಕೊಡ್ಲವ್ವ? ನಿಮ್ಮ ಈದಿನ ಹಿಂದಿನ ದಿನಾನೇ ನಮ್ಮ ಯುಗಾದಿ ಆಗಿತ್ತು. ಹೋಳಿಗೆ ಒಂದೂ ಉಳಿದಿರಲಿಲ್ಲ. ಬಸವ ಜಯಂತಿಗೆ ತುಂಬಿ ಕೊಡಾಣ ಅಂದ್ರೆ ಮಂಡಿ ನೋವಂತ ಮಗಳು ದಾವಣಗೆರಿ ಎಂ.ಸಿ.ಸಿ. ಬಡಾವಣೆಗೆ ಕರ್ಕೊಂಡು ಹೋದ್ಲು, ಒಲಿ ಮುಂದೆ ನಿಂದ್ರಾಕೆ ಬಿಡಲಿಲ್ಲ. ಬೇಕರಿ ಸಿಹಿ ಹಾಕಿ ಕೊಡಾಕೆ ಮನಸ್ಸು ಒಪ್ಪಲಿಲ್ಲ. ಆಮ್ಯಾಲೆ ನಿನ್ನ ಮುಖ ನೋಡಾಕೇ ನಾಚಿಕಿ ಆಗಿತ್ತು."

ಮುಮ್ತಾಜ್‌ಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಡಬ್ಬಿ ನುಂಗಿದಳು ಎಂದು ಎಷ್ಟು ಜನರ ಮುಂದೆ ಹೇಳಿದ್ದಳು! ಸೆರಗಿನ ಅಂಚನ್ನು ತಿರುವುತ್ತ ನಿಂತಳು.

ಅಮೀನಾಬೀ ಮುಂದೆ ಬಂದು ಡಬ್ಬಿಯ ಮೇಲೆ ಬೆರಳಿಟ್ಟಳು. "ಹಂಗಾರೆ ಈ ಡಬ್ಬಿ ಈದಿನಿಂದ ಇದೇ ಮನ್ಯಾಗ ಐತೆ?"

"ಇಲ್ಲೇ ಐತೆ. ಹೊಸ್ತಿಲು ದಾಟಿಲ್ಲ."

"ಆಷಾಢಕ್ಕಿಂತ ಮೊದಲೇ ಬಂದೈತೆ. ಮೊಹರಂಗಿಂತ ಮೊದಲೇ ಬಂದೈತೆ. ಹೆಸರು ಬ್ಯಾರೆ ಕೆತ್ತೈತೆ." ಅಮೀನಾಬೀ ಬೆರಳು ಮಡಚಿದಳು. "ಪಾತ್ರೆ ಬಂದ್ರೆ ಜನ ಬಂದಂಗಲ್ಲೇನ್ರಿ?"

ಸರ್ವಮಂಗಳಮ್ಮ ಮುಚ್ಚಳದ ಮೇಲಿನ ಹೆಸರು ನೋಡಿದಳು. "ಬಂದಂಗೇ. ಆದ್ರೆ ಹಾಲು ಉಕ್ಕಬೇಕಲ್ಲ?"

"ಶಿರ್‌ಖುರ್ಮಾ ಅಂದ್ರೆ ಹಾಲೇ ಅಲ್ಲೇನು? ಬಿಸಿ ಮಾಡಿದ್ರೋ, ಹಂಗೇ ಕುಡದ್ರೋ?"

"ಬಿಸಿಗೆ ಇಟ್ಟು ಫೋನ್ ಬಂತಂತ ಹೋದೆ. ಉಕ್ಕಿ ಒಲಿ ಎಲ್ಲಾ..." ಸರ್ವಮಂಗಳಮ್ಮ ಅರ್ಧಕ್ಕೇ ನಿಂತು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಅಯ್ಯ ಶಿವನೇ! ಉಕ್ಕಿತ್ತಲ್ಲೇ ಮುಮ್ತಾಜು! ಅರ್ಧ ದಿನ ತಿಕ್ಕೀನಿ ಆ ಒಲಿನ!"

ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮುಮ್ತಾಜಳ ಕಣ್ಣಿನ ನೀರು ಮಾತ್ರ ನಗು ನಿಂತ ಮೇಲೂ ನಿಲ್ಲಲಿಲ್ಲ. "ತಪ್ಪಾತು ಅಮ್ಮಾರೆ, ಊರ ತುಂಬ ಆಡಿಕೊಂಡೀನಿ, ಹೊಟ್ಟಿಗೆ ಹಾಕ್ಕಳ್ರಿ," ಎಂದಳು.

"ಗೊತ್ತೈತೆ ಬಿಡೇ. ನಿನ್ನತ್ರ ಅಳತೆ ಕೊಟ್ಟೋರು ನೇರ ನನ್ನತ್ರನೇ ಬರ್ತಿದ್ರು," ಎಂದಳು ಸರ್ವಮಂಗಳಮ್ಮ.

ಭಾನುವಾರ ಮಧ್ಯಾಹ್ನ ಗಾಡಿಯಲ್ಲಿ ಸಾಮಾನು ಬಂತು, ಮೆಷಿನ್ ಕಿಟಕಿಯ ಕೆಳಗೆ ಕೂತಿತು. ಶ್ರಾವಣದ ಮೊದಲ ಸೋಮವಾರ ಸರ್ವಮಂಗಳಮ್ಮ ಹೋಳಿಗೆ ಮಾಡಿದಳು, ಆದರೆ ಕೊಟ್ಟಿದ್ದು ತನ್ನ ತಟ್ಟೆಯಲ್ಲಿ. ಡಬ್ಬಿಯನ್ನು ಜಾಗ ಬಿಟ್ಟು ಅಲುಗಿಸಬಾರದು ಎಂದು ಅಮೀನಾಬೀಯ ಅಪ್ಪಣೆಯಾಗಿತ್ತು.

ಅಳತೆ ಕೊಡಲು ಬಂದ ಹೆಂಗಸರು ಈಗಲೂ ಕೆಣಕುತ್ತಾರೆ: "ಏನ್ ಮುಮ್ತಾಜು, ನಿನ್ನ ಡಬ್ಬಿ ವಾಪಸ್ ಬಂತೇನೇ?"

ಮುಮ್ತಾಜ್ ತಲೆಯೆತ್ತದೆ ಮೆಷಿನ್ ತುಳಿಯುತ್ತಾಳೆ. "ಎಲ್ಲಿ ಬರ್ತತ್ರಿ? ಅದು ಬರಲಿಲ್ಲ ಅಂತ ನಾವೇ ಅದರ ಮನಿಗೆ ಬಂದ್ವಿ."