ಜ್ವರದ ಸೆಟ್ಟು

"ರಕ್ತದ ಬೀಜಾ ಕೊಟ್ಟಾಕಿ ಬಂದ್ಳ ನೋಡ್ರಿ! ತಮ್ಮನ್ನ ಉಳಿಸ್ಯಾಳ," ಎನ್ನುತ್ತ ಫಕೀರವ್ವ ಅಂಗಡಿ ಕಟ್ಟೆ ಹತ್ತಿದಳು. "ಶೈಲಾ, ಒಂದ ಜ್ವರದ ಸೆಟ್ಟು ಕೊಡಬೇ. ಎರಡ ದಿನದ್ದು ಸಾಕು."

ಸಂಶಿಯ ಈ ಔಷಧ ಅಂಗಡಿಯಲ್ಲಿ ನಾಲ್ಕು ವರ್ಷದಿಂದ ನನ್ನ ಕೆಲಸ ಅದೇ. ಗುಳಿಗೆಯ ಪಟ್ಟಿ ಕತ್ತರಿಸಿ ಎರಡು ಕೆಂಪು, ಎರಡು ಹಳದಿ, ಪೇಪರಿನಲ್ಲಿ ಮಡಚಿ ಕೊಡುವುದು. ಡಾಕ್ಟರ ಚೀಟಿ ಯಾರೂ ತರುವುದಿಲ್ಲ, ನಾವೂ ಕೇಳುವುದಿಲ್ಲ. ತಮ್ಮ ಹೇಮಂತನಿಗೆ ಆರು ತಿಂಗಳು ಹೀಗೇ ಕಟ್ಟಿಕೊಟ್ಟೆ. ಜ್ವರ ಇಳಿದರೆ ನಿಲ್ಲಿಸುವುದು, ಏರಿದರೆ ಬೇರೆ ಬಣ್ಣದ ಆಂಟಿಬಯೋಟಿಕ್. ಆಮೇಲೆ ತಿಳಿಯಿತು, ಅದು ರಕ್ತದ ಕ್ಯಾನ್ಸರ್.

ಹತ್ತು ದಿನದ ಹಿಂದೆ ಆಸ್ಪತ್ರೆಯಲ್ಲಿ ನನ್ನ ಕಾಂಡಕೋಶಗಳನ್ನು, ಫಕೀರವ್ವನ ಬಾಯಲ್ಲಿ ರಕ್ತದ ಬೀಜ, ಅವನಿಗೆ ಹಾಕಿದರು. ಅದಕ್ಕೂ ಮೊದಲು ಡಾಕ್ಟರು ಕೇಳಿದ್ದರು: "ಹಿಂದ ಯಾವ್ಯಾವ ಆಂಟಿಬಯೋಟಿಕ್ ತಗೊಂಡಾನ?" ಅವ್ವ ಹೆಮ್ಮೆಯಿಂದ ನನ್ನತ್ತ ನೋಡಿದಳು, ಔಷಧ ಬಲ್ಲ ಮಗಳು. "ಏನಿಲ್ರಿ," ಅಂದುಬಿಟ್ಟೆ.

ಫೋನು ಬಂತು. ಅದೇ ಡಾಕ್ಟರು. ಹೇಮಂತನಿಗೆ ನಿನ್ನೆಯಿಂದ ಜ್ವರ. ಬಿಳಿ ರಕ್ತಕಣ ಇನ್ನೂ ಹುಟ್ಟಿಲ್ಲ. ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆದಿದೆ, ಕೊಡುತ್ತಿರುವ ಔಷಧಕ್ಕೆ ಬಗ್ಗುತ್ತಿಲ್ಲ. "ಪೂರ್ತಿ ವರದಿ ನಾಳೆ ಬರ್ತದ. ಔಷಧ ಈಗ ಬದಲಿಸಬೇಕು. ನೆನಪ ಮಾಡ್ಕೊಳ್ರಿ, ಮೊದಲ ಏನರ ಕೊಟ್ಟಿದ್ರೇನು?"

ಅಜ್ಜಿಯ ಕತೆಯಲ್ಲೊಬ್ಬ ರಕ್ಕಸನಿದ್ದ. ಅರ್ಧ ಕಡಿದು ಬಿಟ್ಟರೆ ಕತ್ತಿಯ ಗುರುತು ಹಿಡಿದುಕೊಂಡು ಏಳುತ್ತಿದ್ದ. ಆ ಕತ್ತಿ ಮತ್ತೆ ಅವನಿಗೆ ತಾಕುತ್ತಿರಲಿಲ್ಲ. ಹೂಂಗುಡುತ್ತ ಕೇಳಿದ್ದೆ. ಅರ್ಧ ಕಡಿಯುವವಳು ನಾನೇ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಮಾಲೀಕ ಶಂಭುಲಿಂಗಪ್ಪ ಕಾಕಾ ಗಲ್ಲಾದ ಹಿಂದಿನಿಂದ ಹೇಳಬೇಡವೆಂದು ಕೈ ಆಡಿಸಿದ.

ಕಪಾಟಿನ ಸಾಲು ನೋಡುತ್ತ ಹೆಸರು ಒಂದೊಂದಾಗಿ ಹೇಳಿದೆ. ಐದು. ಎಷ್ಟು ದಿನ? ಎರಡು. ಕೆಲವು ಸಲ ಒಂದೇ.

"ಮೊದಲ ಹೇಳಬೇಕಿತ್ತಲ್ರಿ," ಎಂದರು ಡಾಕ್ಟರು. ಬೈಯಲಿಲ್ಲ. "ಇದರಿಂದನ ಅಂತ ಹೇಳಾಕ ಬರೂದಿಲ್ಲ, ಆಸ್ಪತ್ರೆಯೊಳಗೂ ಇಂಥಾ ಬ್ಯಾಕ್ಟೀರಿಯಾ ಹತ್ತತಾವ. ಆದ್ರ ಈ ಐದನ್ನ ಇನ್ನ ನಂಬೂದಿಲ್ಲ. ಬೇರೆ ಸುರು ಮಾಡ್ತೀನಿ."

ಅವರ ಹಿಂದೆ, ಆಸ್ಪತ್ರೆಯಲ್ಲೇ ಉಳಿದಿದ್ದ ಅವ್ವನ ದನಿ: "ನಮ್ಮ ಶೈಲಾ ಕೊಟ್ಟಿದ್ಲೇನ್ರಿ?"

ಫೋನು ಇಟ್ಟೆ. ಕತ್ತರಿಯನ್ನೂ ಕೆಳಗಿಟ್ಟು ಫಕೀರವ್ವನತ್ತ ತಿರುಗಿದೆ. "ಡಾಕ್ಟರ ಕಡೆ ಹೋಗ್ರಿ, ಯವ್ವಾ."

"ಅಯ್ಯ, ತಮ್ಮಗ ರಕ್ತಾ ಕೊಟ್ಟಾಕಿಗೆ ನನಗೆರಡ ಗುಳಿಗಿ ಭಾರಾದ್ವೇನ!" ಫಕೀರವ್ವ ನಕ್ಕಳು. ನಾನು ಪಟ್ಟಿಗಳನ್ನು ಕಪಾಟಿಗೆ ವಾಪಸಿಟ್ಟೆ.

ನಾಲ್ಕನೆಯ ದಿನ ಹೇಮಂತನೇ ಫೋನು ಮಾಡಿದ. "ಜ್ವರಾ ಇಳಿದೈತಿ, ಅಕ್ಕಾ."

"ಅವ್ವಗ ಕೊಡಪಾ."

"ಅವ್ವ ನೀರ ತರಾಕ ಹೋಗ್ಯಾಳ," ಎಂದ. ಅವನ ಹಿಂದೆ ಅವ್ವನ ಬಳೆಗಳ ಸದ್ದು ನನಗೆ ಕೇಳುತ್ತಲೇ ಇತ್ತು.